ಒಂಬತ್ತು ವರ್ಷದ ಹಳೇ ವಿಂಡೋಸ್ ಡಬ್ಬಿ ಹೊಸ ಕಂಪ್ಯೂಟರಿಗೆ ಬಂತು

ಮೇ ತಿಂಗಳ ಒಂದು ಸಂಜೆ ಸಿಡಿಲಿಗೆ ನನ್ನ ಕಂಪ್ಯೂಟರ್ ಹೋಯಿತು. ಮಲೆನಾಡಿನವರಿಗೆ ಇದು ಗೊತ್ತಿರುವ ಸಂಗತಿ. ಮಳೆಗಾಲ ಹಿಡಿಯುವ ಮುಂಚೆ ಬರುವ ಗುಡುಗು ಸಿಡಿಲಿಗೆ ಪ್ರತಿ ವರ್ಷ ಕೇರಿಯಲ್ಲಿ ಯಾರದ್ದಾದರೂ ಟಿವಿ, ಯಾರದ್ದಾದರೂ ಮೋಡೆಮ್ ಸುಡುತ್ತದೆ. ಮೋಡ ಕವಿದ ಕೂಡಲೇ ಕರೆಂಟಿನ ಪ್ಲಗ್ ಕಿತ್ತಿದ್ದೆ. ಇಂಟರ್ನೆಟ್ ತಂತಿ ಹಾಗೇ ಇತ್ತು. ಅದರ ದಾರಿಯಲ್ಲೇ ಬಂದು ಮದರ್‌ಬೋರ್ಡ್ ಸುಟ್ಟಿತು. ಮಾರನೇ ದಿನ ಪಕ್ಕದ ಮುಚ್ಚಳ ಬಿಚ್ಚಿದರೆ ಕಮಟು ವಾಸನೆ ಇನ್ನೂ ಹೋಗಿರಲಿಲ್ಲ.

ನಾನು ಸಾಗರದಲ್ಲಿ ಪತ್ರ ಬರೆಯುವ ಕೆಲಸ ಮಾಡುತ್ತೇನೆ. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಹೀಗೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವ ಕಾಗದಗಳು. ಮೊದಲು ಅಪ್ಪ ಕೈಯಲ್ಲಿ ಬರೆಯುತ್ತಿದ್ದರು, ಆಮೇಲೆ ನಾನು ಟೈಪ್ ಮಾಡತೊಡಗಿದೆ. 2023ರಲ್ಲಿ ಸರ್ಕಾರದ ನೋಂದಣಿ ತಾಣ ಕಾವೇರಿ 2.0 ಬಂದ ಮೇಲಂತೂ ಮಾಹಿತಿ ತುಂಬುವುದು, ಕಾಗದ ಏರಿಸುವುದು, ಶುಲ್ಕ ಕಟ್ಟುವುದು, ದಿನ ಗೊತ್ತು ಮಾಡುವುದು ಎಲ್ಲ ಆನ್‌ಲೈನಲ್ಲೇ. ಕಂಪ್ಯೂಟರ್ ನಿಂತರೆ ನಾನೂ ಕೈಕಟ್ಟಿ ಕೂರಬೇಕು, ಹಳ್ಳಿಯಿಂದ ಬಸ್ಸು ಹತ್ತಿ ಬಂದವರೂ ಬಾಗಿಲಲ್ಲಿ ಕಾಯಬೇಕು.

ಕಂಪ್ಯೂಟರ್ ಹೊಸದು ಬಂತು. ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ನಾನು ಬರೆಯಬೇಕೆಂದಿರುವುದು 2016ರ ಜುಲೈನಲ್ಲಿ ಕೊಂಡ ಒಂದು ಡಬ್ಬಿಯ ಬಗ್ಗೆ. ವಿಂಡೋಸ್ 10 ಹೋಮ್, ರಿಟೇಲ್ ಡಬ್ಬಿ. ಒಳಗೊಂದು ಪುಟ್ಟ ಪೆನ್ ಡ್ರೈವ್, ಒಂದು ಕಾರ್ಡಿನ ಮೇಲೆ 25 ಅಕ್ಷರಗಳ ಕೀ, ಅಂದರೆ ವಿಂಡೋಸ್ ಬಳಸುವ ಹಕ್ಕಿನ ಗುರುತು. ಒಂಬತ್ತು ವರ್ಷ ಆದ ಮೇಲೆ ಅದೇ ಕೀ ಹೊಸ ಯಂತ್ರದಲ್ಲಿ, ಅದೂ ವಿಂಡೋಸ್ 11ಕ್ಕೆ, ನಡೆಯಿತು. ಆಗುವುದಿಲ್ಲ ಎಂದು ಹೇಳಿದವರು ಬಹಳ ಜನ. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಆ ಡಬ್ಬಿ ಯಾಕೆ ಕೊಂಡೆ ಅಂದರೆ, ಅದಕ್ಕೂ ಮುಂಚೆ ನನ್ನ ಹತ್ತಿರ ಇದ್ದದ್ದು ಕಳ್ಳ ವಿಂಡೋಸ್ 7. ಕಳ್ಳದ್ದು ಎಂದು ಆಗ ನನಗೆ ಗೊತ್ತೂ ಇರಲಿಲ್ಲ. ಕಂಪ್ಯೂಟರ್ ಜೋಡಿಸಿ ಕೊಟ್ಟವರು ಅದನ್ನು ಹಾಕಿಯೇ ಕೊಟ್ಟಿದ್ದರು. 2016ರ ಜೂನ್‌ನಲ್ಲಿ ಒಂದು ಬೆಳಿಗ್ಗೆ ಶುರು ಮಾಡಿದರೆ ಎಲ್ಲ ಫೈಲುಗಳ ಹೆಸರಿಗೂ ಒಂದು ವಿಚಿತ್ರ ಬಾಲ ಅಂಟಿಕೊಂಡಿತ್ತು. ಒಂದೂ ತೆರೆಯಲಿಲ್ಲ. ಹಣ ಕಟ್ಟಿದರೆ ಬಿಡಿಸಿ ಕೊಡುತ್ತೇವೆ ಎಂದು ಪರದೆಯ ಮೇಲೆ ಒಂದು ಚೀಟಿ. ಆರು ವರ್ಷದ ಕರಡುಗಳು ಹೋದವು. ಅದರಲ್ಲಿ ಒಂದು ಮನೆಯ ವಿಭಾಗಪತ್ರ ಇತ್ತು. ನಾಲ್ಕು ಜನ ಅಣ್ಣತಮ್ಮಂದಿರು ಜಗಳ ಆಡಿ, ಮಾತು ಬಿಟ್ಟು, ಮತ್ತೆ ಕೂತು, ಕೊನೆಗೆ ಒಪ್ಪಿದ್ದ ಕರಡು. ಅವರಿಗೆ ಮತ್ತೆ ಫೋನ್ ಮಾಡಿ ಬರಹೇಳುವಾಗ ನನಗೆ ಬಾಯಿ ಕಟ್ಟಿತ್ತು. ವಿಂಡೋಸ್ 7, 8.1 ಇದ್ದವರಿಗೆ ಆ ವರ್ಷ ಜುಲೈ 29ರವರೆಗೆ ವಿಂಡೋಸ್ 10 ಪುಕ್ಕಟೆ ಸಿಗುತ್ತಿತ್ತು. ಅಸಲಿ ಇದ್ದವರಿಗೆ ಮಾತ್ರ. ನಾನು ಆ ಲೆಕ್ಕಕ್ಕೆ ಬರಲಿಲ್ಲ.

ಹಾಗಾಗಿ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗಿ ಎಸ್‌ಪಿ ರೋಡಿನಲ್ಲಿ ಹೊಸ ಯಂತ್ರದ ಸಾಮಾನು ಕೊಂಡೆ. ಜೊತೆಗೆ ಈ ಡಬ್ಬಿ, 7,999 ರೂಪಾಯಿ. ಅಂಗಡಿಯವರು ಒಳ್ಳೆಯವರು. "ಇದಕ್ಕಿಂತ ಕಡಿಮೆಗೆ ಓಇಎಂ ಕೊಡ್ತೀನಿ ಮೇಡಂ, ಕೆಲಸ ಎರಡೂ ಒಂದೇ" ಅಂದರು. ವ್ಯತ್ಯಾಸ ಏನು ಎಂದು ಕೇಳಿದೆ. "ಓಇಎಂ ಈ ಮದರ್‌ಬೋರ್ಡಿಗೆ ಮಾತ್ರ. ರಿಟೇಲ್ ಆದ್ರೆ ನಾಳೆ ಬೇರೆ ಮಷಿನ್‌ಗೂ ಹಾಕ್ಕೋಬಹುದು" ಅಂದರು. ಆ ಒಂದು ಮಾತಿಗೆ ಜಾಸ್ತಿ ದುಡ್ಡು ಕೊಟ್ಟು ರಿಟೇಲ್ ತಗೊಂಡೆ. ಪ್ರಶ್ನೆ ಕೇಳಿದ್ದಕ್ಕೆ ಬೇಸರ ಮಾಡಿಕೊಳ್ಳದೆ ಸರಿಯಾಗಿ ಹೇಳಿದ ಆ ಅಂಗಡಿಯವರನ್ನು ಈಗಲೂ ನೆನೆಯುತ್ತೇನೆ.

ಈ ವ್ಯತ್ಯಾಸ ನನ್ನ ಕೆಲಸದ ಭಾಷೆಯಲ್ಲಿ ಹೇಳಿದರೆ ಸುಲಭ. ಜಮೀನು ಮಾರುವಾಗ ಕ್ರಯಪತ್ರದಲ್ಲಿ ಬಾವಿ, ಮರ, ದಾರಿ ಹಕ್ಕು ಸಮೇತ ಎಂದು ಬರೆಯುತ್ತೇವೆ. ಬಾವಿಯನ್ನು ಹೊತ್ತುಕೊಂಡು ಹೋಗಲು ಆಗುವುದಿಲ್ಲ, ಅದು ನೆಲದ ಜೊತೆಗೇ ಹೋಗುತ್ತದೆ. ಓಇಎಂ ಲೈಸೆನ್ಸ್ ಆ ಬಾವಿಯ ಹಾಗೆ. ಲ್ಯಾಪ್‌ಟಾಪ್ ಕೊಂಡಾಗ ಅದರ ಜೊತೆ ಬರುವ ವಿಂಡೋಸ್ ಇದೇ ಜಾತಿ. ಆ ಲ್ಯಾಪ್‌ಟಾಪ್ ಮಾರಿದರೆ ವಿಂಡೋಸೂ ಕೊಂಡವರ ಪಾಲು. ವಿಂಡೋಸ್ 8 ಬಂದಾಗಿನಿಂದ ಇಂಥ ಯಂತ್ರಗಳ ಕೀಯನ್ನು ಕಂಪನಿಯವರು ಮದರ್‌ಬೋರ್ಡಿನ ಚಿಪ್ಪಿನೊಳಗೇ ಬರೆದಿಟ್ಟಿರುತ್ತಾರೆ. ರಿಟೇಲ್ ಅಂದರೆ ಪಂಪ್‌ಸೆಟ್ಟು. ಜಮೀನು ಬಿಡುವಾಗ ಬಿಚ್ಚಿಕೊಂಡು ಹೋಗಿ ಇನ್ನೊಂದು ಬಾವಿಗೆ ಇಳಿಸಬಹುದು. ಆದರೆ ಒಂದೇ ಪಂಪ್‌ಸೆಟ್ಟು ಎರಡು ಬಾವಿಯಲ್ಲಿ ಏಕಕಾಲಕ್ಕೆ ಇರುವ ಹಾಗಿಲ್ಲ, ಅಲ್ವಾ? ಲೈಸೆನ್ಸೂ ಅಷ್ಟೇ. ಹಳೇ ಯಂತ್ರದಿಂದ ತೆಗೆದ ಮೇಲೇ ಹೊಸದರಲ್ಲಿ ಹಾಕಬೇಕು.

ನಾನು ಇದನ್ನು ಬಾಯಿ ಮಾತಿನ ಮೇಲೆ ನಂಬಿಲ್ಲ. ಕರಾರು ಓದುವುದೇ ನನ್ನ ಕಸುಬು. ವಿಂಡೋಸಿನ ಹುಡುಕುವ ಜಾಗದಲ್ಲಿ ವಿನ್‌ವರ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಒಂದು ಸಣ್ಣ ಕಿಟಕಿ ಬರುತ್ತದೆ. ಅದರಲ್ಲಿ ಲೈಸೆನ್ಸ್ ಷರತ್ತುಗಳ ಕೊಂಡಿ ಇದೆ. ಒತ್ತಿ ಓದಿ. ಬೇರೆಯಾಗಿ ಕೊಂಡದ್ದಾದರೆ ನಿಮ್ಮದೇ ಇನ್ನೊಂದು ಯಂತ್ರಕ್ಕೆ ವರ್ಗಾಯಿಸಬಹುದು ಎಂದು ಅಲ್ಲಿ ಬರೆದಿದೆ. ವರ್ಗಾಯಿಸಿದ ಮೇಲೆ ಹಳೆಯದರಲ್ಲಿ ಉಳಿಸಿಕೊಳ್ಳಬಾರದು ಎಂದೂ ಇದೆ. ಯಂತ್ರದ ಜೊತೆ ಬಂದದ್ದಾದರೆ ಆ ಯಂತ್ರದ ಜೊತೆ ಮಾತ್ರ. ಇಷ್ಟು ಸ್ಪಷ್ಟವಾಗಿ ಬರೆದ ಷರತ್ತನ್ನು ಯಾರೂ ಓದದೆ, ಅಂಗಡಿಯವರು ಹೇಳಿದ್ದೇ ಕಾನೂನು ಎಂದುಕೊಳ್ಳುವುದು ನನಗೆ ಸಂಕಟ ತರುತ್ತದೆ. ಓದದೆ ಸಹಿ ಹಾಕಿ ಜಮೀನು ಕಳೆದುಕೊಂಡವರನ್ನು ನೋಡಿದವಳು ನಾನು.

ಇನ್ನು 2025ರ ಆ ಮೇ ತಿಂಗಳಿಗೆ ಬರುತ್ತೇನೆ. ಈ ಸಲ ಅಷ್ಟು ದೂರ ಹೋಗಲು ಬಿಡುವಿರಲಿಲ್ಲ. ಹತ್ತಿರದ ಪೇಟೆಯ ಒಂದು ಅಂಗಡಿಗೆ ಫೋನಿನಲ್ಲೇ ಹೇಳಿದೆ. ಹಳೇ ಯಂತ್ರದ ಪ್ರೊಸೆಸರ್ ಇಂಟೆಲ್‌ನ ಆರನೇ ತಲೆಮಾರಿನ ಐ3. ವಿಂಡೋಸ್ 11ಕ್ಕೆ ಕನಿಷ್ಠ ಎಂಟನೇ ತಲೆಮಾರು ಬೇಕು, ಟಿಪಿಎಂ 2.0 ಎಂಬ ಭದ್ರತೆಯ ಚಿಪ್ಪು ಬೇಕು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಯುತ್ತದೆ ಎಂದು ಮೊದಲೇ ಪ್ರಕಟವಾಗಿತ್ತು. ಹಳೇ ಮದರ್‌ಬೋರ್ಡಿನಂಥದ್ದೇ ಹುಡುಕಿ ಹಾಕಿಸುವುದರಲ್ಲಿ ಅರ್ಥ ಇರಲಿಲ್ಲ. ಹನ್ನೆರಡನೇ ತಲೆಮಾರಿನ ಐ3, 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಹೇಳಿದೆ. ಮಾನಿಟರ್, ಕೀಬೋರ್ಡ್ ಹಳೆಯದೇ ಸಾಕು.

"ವಿಂಡೋಸ್ ಹಾಕಬೇಡಿ, ನನ್ನ ಹತ್ತಿರ ಲೈಸೆನ್ಸ್ ಇದೆ" ಅಂದೆ.

"ಯಾವುದು ಮೇಡಂ?"

"2016ರದ್ದು. ವಿಂಡೋಸ್ 10."

"ಅಯ್ಯೋ, ಅದು ಹಳೇ ಬೋರ್ಡ್ ಜೊತೆಗೇ ಹೋಯ್ತು ಮೇಡಂ. ಹೊಸದು ತಗೋಬೇಕು. ಬೇಡ ಅಂದ್ರೆ ನಾನೇ ಹಾಕಿ ಕೊಡ್ತೀನಿ, 500 ಕೊಡಿ, ಲೈಫ್‌ಟೈಮ್ ಬರುತ್ತೆ."

ಬೇಡ ಎಂದು ಎರಡು ಸಲ ಹೇಳಿದೆ. ಆದರೂ ಯಂತ್ರ ಬಂದಾಗ ಅದರಲ್ಲಿ ವಿಂಡೋಸ್ 11 ಪ್ರೊ ಕೂತಿತ್ತು, ಆಕ್ಟಿವೇಟ್ ಆಗಿದೆ, ಅಂದರೆ ಲೈಸೆನ್ಸ್ ಮಾನ್ಯವಾಗಿದೆ ಎಂದೂ ತೋರಿಸುತ್ತಿತ್ತು. ಬಿಲ್ಲಿನಲ್ಲಿ ವಿಂಡೋಸಿನ ಹೆಸರೇ ಇರಲಿಲ್ಲ. ನನಗೆ 2016ರ ಆ ಬೆಳಿಗ್ಗೆ ನೆನಪಾಗಿ ಕೈ ತಣ್ಣಗಾಯಿತು.

ನನ್ನ ಅಣ್ಣನ ಮಗ ಶಿವಮೊಗ್ಗದಲ್ಲಿ ಓದುತ್ತಿದ್ದಾನೆ. ಶನಿವಾರ ಬಂದಿದ್ದ. ಅವನು ಮೊದಲು ನೋಡಿದ್ದು ಡಿಫೆಂಡರ್. ವಿಂಡೋಸಿನ ಜೊತೆ ಬರುವ ವೈರಸ್ ಕಾವಲುಗಾರ. ಅದನ್ನು ಆರಿಸಿ ಇಟ್ಟಿದ್ದರು. ಕ್ರ್ಯಾಕ್, ಅಂದರೆ ಲೈಸೆನ್ಸಿಲ್ಲದೆ ವಿಂಡೋಸ್ ನಡೆಸುವ ಕಳ್ಳ ಪ್ರೋಗ್ರಾಂ ಹಾಕುವಾಗ ಕಾವಲು ಇದ್ದರೆ ಅದು ತಡೆಯುತ್ತದೆ. ಹಾಗಾಗಿ ಮೊದಲು ಕಾವಲನ್ನೇ ತೆಗೆಯುತ್ತಾರಂತೆ. ಬೀಗ ಹಾಕಿಕೊಡುವವರು ಬಾಗಿಲನ್ನೇ ಕಿತ್ತಿಟ್ಟ ಹಾಗೆ. ಆಮೇಲೆ ಅವನು ಕಪ್ಪು ಕಿಟಕಿ, ಅಂದರೆ ಕಮಾಂಡ್ ಪ್ರಾಂಪ್ಟ್ ತೆರೆದು ಒಂದು ಸಾಲು ಹೊಡೆದ. ಎಸ್, ಎಲ್, ಎಂ, ಜಿ, ಆರ್ ಐದು ಅಕ್ಷರ, ಒಂದು ಜಾಗ ಬಿಟ್ಟು ಓರೆಗೆರೆ (/), ಆಮೇಲೆ ಡಿ, ಎಲ್, ಐ. ಸಣ್ಣ ಕಿಟಕಿ ಬಂತು. ಅದರಲ್ಲಿ ಲೈಸೆನ್ಸ್ ಯಾವ ಜಾತಿಯದ್ದು ಎಂದು ಬರೆದಿರುತ್ತದೆ. ರಿಟೇಲ್, ಓಇಎಂ ಅಥವಾ ವಾಲ್ಯೂಮ್. ಇಲ್ಲಿ ವಾಲ್ಯೂಮ್ ಎಂದಿತ್ತು. ವಾಲ್ಯೂಮ್ ಅಂದರೆ ದೊಡ್ಡ ಕಚೇರಿ, ಕಾಲೇಜುಗಳು ನೂರಾರು ಯಂತ್ರಕ್ಕೆ ಒಟ್ಟಿಗೆ ಕೊಳ್ಳುವಂಥದ್ದು. ಅಂಥ ಕಡೆ ಯಂತ್ರ 180 ದಿನಕ್ಕೆ ಒಮ್ಮೆಯಾದರೂ ಕಚೇರಿಯ ಸರ್ವರ್ ಮುಂದೆ ಹಾಜರಿ ಹಾಕಬೇಕು. ನನ್ನ ಅಂಗಡಿಯಲ್ಲಿ ಆ ಸರ್ವರ್ ಎಲ್ಲಿಂದ ಬರಬೇಕು? ಇದ್ದದ್ದು ಸರ್ವರ್ ಎಂದು ನಟಿಸುವ ಒಂದು ಕಳ್ಳ ಪ್ರೋಗ್ರಾಂ.

ನಿಮ್ಮ ಕಂಪ್ಯೂಟರಿನಲ್ಲೂ ಆ ಸಾಲನ್ನು ಹೊಡೆದು ನೋಡಿ. ಒಂದು ನಿಮಿಷದ ಕೆಲಸ. ನನ್ನ ಹತ್ತಿರ ಬರುವವರಿಗೆಲ್ಲ ಈಗ ಇದನ್ನೇ ಹೇಳುತ್ತಿದ್ದೇನೆ. ಮನೆ ಯಂತ್ರದಲ್ಲಿ ವಾಲ್ಯೂಮ್ ಎಂದು ಬಂದರೆ ಹಾಕಿಕೊಟ್ಟವರನ್ನು ಕೇಳಿ.

"ಅತ್ತೆ, ಡಬ್ಬಿ ಇಟ್ಕೊಂಡಿದ್ದೀರಾ?" ಎಂದ.

ಇಟ್ಟುಕೊಳ್ಳದೆ? ಛಾಪಾ ಕಾಗದ ಇಡುವ ಕಬ್ಬಿಣದ ಪೆಟ್ಟಿಗೆಯಲ್ಲಿ, ಬಿಲ್ಲಿನ ಸಮೇತ ಇತ್ತು. ತೆಗೆದುಕೊಟ್ಟೆ. ನೀಲಿ ಬಣ್ಣ ಸ್ವಲ್ಪ ಮಾಸಿತ್ತು. ಒಳಗಿನ ಕಾರ್ಡು ಹೊಸದರ ಹಾಗೇ ಇತ್ತು. ಮಲೆನಾಡಿನ ಮಳೆಗಾಲದಲ್ಲಿ ಕಾಗದ ಬೂಷ್ಟು ಹಿಡಿಯದಂತೆ ಇಡುವುದು ನನ್ನ ಕಸುಬಿನ ಒಂದು ಭಾಗ. ಆ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಂತು. ಡಬ್ಬಿ ಕಳೆದಿದ್ದರೆ ಕಷ್ಟವಾಗುತ್ತಿತ್ತು. ಯಂತ್ರ ಸರಿಯಿದ್ದಾಗ ಆ ಕಪ್ಪು ಕಿಟಕಿಯಲ್ಲಿ ನೋಡಿದರೂ ಕೀಯ ಕೊನೆಯ 5 ಅಕ್ಷರ ಮಾತ್ರ ಕಾಣುತ್ತದೆ.

ಅವನು ನೇರವಾಗಿ ಆ ಕೀಯನ್ನೇ ಹೊಡೆದ. ಒಪ್ಪಲಿಲ್ಲ. ಒಪ್ಪುವ ಹಾಗೂ ಇರಲಿಲ್ಲ. ಹೋಮ್, ಪ್ರೊ ಎಂಬುವು ವಿಂಡೋಸಿನ ಬೇರೆ ಬೇರೆ ಆವೃತ್ತಿಗಳು. ನನ್ನದು ಹೋಮ್ ಕೀ, ಯಂತ್ರದಲ್ಲಿ ಇದ್ದದ್ದು ಪ್ರೊ. ಹೋಮ್ ಕೀ ಹೋಮ್‌ಗೆ, ಪ್ರೊ ಕೀ ಪ್ರೊಗೆ. ಹೋಮ್‌ನಿಂದ ಪ್ರೊಗೆ ದುಡ್ಡು ಕೊಟ್ಟು ಏರಬಹುದು. ಪ್ರೊದಿಂದ ಹೋಮ್‌ಗೆ ಇಳಿಯಬೇಕಾದರೆ ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು. ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ನಮ್ಮಲ್ಲಿ ಮಾರುವ ಬಹಳ ಲ್ಯಾಪ್‌ಟಾಪುಗಳಲ್ಲಿ ಬರುವುದು ಹೋಮ್ ಸಿಂಗಲ್ ಲ್ಯಾಂಗ್ವೇಜ್. ಹೆಸರಿನಲ್ಲಿ ಹೋಮ್ ಇದ್ದರೂ ಅದು ಬೇರೆ ಆವೃತ್ತಿ. ಡಬ್ಬಿಯ ಹೋಮ್ ಕೀಗೂ ಅದಕ್ಕೂ ತಾಳೆಯಾಗುವುದಿಲ್ಲ. ಸರ್ವೆ ನಂಬರ್ ಒಂದೇ, ಹಿಸ್ಸಾ ಬೇರೆ ಇದ್ದ ಹಾಗೆ.

ಕಳ್ಳದ್ದನ್ನು ಹೇಗೂ ಪೂರ್ತಿ ತೆಗೆಯಲೇಬೇಕಿತ್ತು. ಅವನ ಲ್ಯಾಪ್‌ಟಾಪಿನಲ್ಲಿ ಮೈಕ್ರೋಸಾಫ್ಟ್ ತಾಣದಿಂದ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿಕೊಂಡು 8 ಜಿಬಿಯ ಒಂದು ಪೆನ್ ಡ್ರೈವ್ ತಯಾರು ಮಾಡಿದ. ಈ ಟೂಲ್ ಪುಕ್ಕಟೆ. ಇದು ತುಂಬ ಜನಕ್ಕೆ ಗೊತ್ತಿಲ್ಲ. ವಿಂಡೋಸನ್ನು ಇಳಿಸಿಕೊಳ್ಳಲು ದುಡ್ಡಿಲ್ಲ, ಬಳಸುವ ಹಕ್ಕಿಗೆ ದುಡ್ಡು. ಹಾಗಾಗಿ ಡಬ್ಬಿಯಲ್ಲಿದ್ದ ಹಳೇ ಪೆನ್ ಡ್ರೈವ್ ನಮಗೆ ಬೇಕಾಗಲೇ ಇಲ್ಲ. ಕಾರ್ಡಿನ ಮೇಲಿನ 25 ಅಕ್ಷರವೇ ಸ್ವತ್ತು. ಸುಮಾರು ಅರ್ಧ ಗಂಟೆಯಲ್ಲಿ ವಿಂಡೋಸ್ 11 ಹೋಮ್ ಕೂತಿತು. ವಿಂಡೋಸ್ 10 ಹೋಮ್‌ನ ರಿಟೇಲ್ ಕೀ ವಿಂಡೋಸ್ 11 ಹೋಮ್‌ಗೆ ನಡೆಯುತ್ತದೆ. ಬೇರೆ ದುಡ್ಡು ಬೇಡ. ವಿಂಡೋಸ್ 7ರ ಕೀಗಳು ಕೂಡ ಮೊದಲು ಹೀಗೆ ನಡೆಯುತ್ತಿದ್ದವು. 2023ರ ಸೆಪ್ಟೆಂಬರಿನಲ್ಲಿ ಆ ದಾರಿ ಮುಚ್ಚಿದರು. ಇನ್ನೂ 7ರ ಕಾರ್ಡ್ ಹಿಡಿದುಕೊಂಡು ಕೂತವರು ಇದನ್ನು ತಿಳಿದಿರಬೇಕು.

ಈ ಸಲ ಕೀ ಹೊಡೆದಾಗ ಒಪ್ಪಿತು. ಆದರೆ ಆಕ್ಟಿವೇಟ್ ಆಗಲಿಲ್ಲ. ಒಂದು ಉದ್ದನೆ ಸಂಖ್ಯೆ ಬಂತು, ಕೊನೆಯ ನಾಲ್ಕು ಸಿ008. ಈ ಕೀ ಆಗಲೇ ಬೇರೆ ಯಂತ್ರದಲ್ಲಿ ಬಳಕೆಯಾಗಿದೆ ಎಂದು ಅದರ ಅರ್ಥ. ಹುಡುಗನ ಮುಖ ಸಣ್ಣದಾಯಿತು. ನನಗೆ ಮಾತ್ರ ಅದು ಸರಿ ಎನಿಸಿತು. ಒಬ್ಬರ ಹೆಸರಿನಲ್ಲಿರುವ ಸ್ವತ್ತಿಗೆ ಇನ್ನೊಂದು ಪತ್ರ ಬಂದರೆ ರಿಜಿಸ್ಟ್ರಾರ್ ತಡೆದು ಕೇಳಲೇಬೇಕು. ಕೇಳದೆ ಬಿಟ್ಟರೆ ಭಯ. ಹಳೇ ಯಂತ್ರ ಸತ್ತಿದೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ನಾವು ಹೇಳಬೇಕು.

ಹೇಳಲು ಆಗ ಎರಡು ದಾರಿ ಇದ್ದವು. ಹಳೇ ಯಂತ್ರದಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋಗಿ ಲೈಸೆನ್ಸನ್ನು ಆ ಖಾತೆಗೆ ಜೋಡಿಸಿದ್ದರೆ ಸುಲಭ. ಹೊಸದರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಆಕ್ಟಿವೇಷನ್‌ಗೆ ಹೋಗಿ ಟ್ರಬಲ್‌ಶೂಟ್ ಒತ್ತಿ, ಈಚೆಗೆ ಹಾರ್ಡ್‌ವೇರ್ ಬದಲಾಯಿಸಿದ್ದೇನೆ ಎಂಬುದನ್ನು ಆರಿಸಿದರೆ ಹಳೇ ಯಂತ್ರದ ಹೆಸರು ಪಟ್ಟಿಯಲ್ಲಿ ಬರುತ್ತದೆ. ಈ ಜೋಡಣೆ 2016ರ ಆಗಸ್ಟಿನ ಅಪ್‌ಡೇಟಿನಿಂದ ಇದೆ. ನಾನು ಒಂಬತ್ತು ವರ್ಷವೂ ಸುಮ್ನೆ ಒಂದು ಪಾಸ್‌ವರ್ಡ್ ಇಟ್ಟುಕೊಂಡು ಕೆಲಸ ಮಾಡಿದ್ದೆ, ಖಾತೆಗೆ ಜೋಡಿಸಿರಲಿಲ್ಲ. ಯಂತ್ರ ಸುಟ್ಟ ಮೇಲೆ ಜೋಡಿಸಲು ಬರುವುದಿಲ್ಲ. ನಿಮ್ಮ ಯಂತ್ರ ಇವತ್ತು ಸರಿಯಿದ್ದರೆ ಇವತ್ತೇ ಜೋಡಿಸಿ.

ನಮಗೆ ಉಳಿದದ್ದು ಫೋನ್. ಹುಡುಕುವ ಜಾಗದಲ್ಲಿ ಎಸ್, ಎಲ್, ಯು, ಐ ಎಂದು ಹೊಡೆದು ಜಾಗ ಬಿಟ್ಟು 4 ಹಾಕಿದರೆ ಆಗ ಫೋನಿನ ದಾರಿ ತೆರೆಯುತ್ತಿತ್ತು. ದೇಶ ಭಾರತ ಎಂದು ಆರಿಸಿದೆವು. ಕರೆ ಮಾಡುವ ನಂಬರ್ ಬಂತು. ಕೆಳಗೆ ಒಂದು ದೊಡ್ಡ ಸಂಖ್ಯೆ, ಒಂಬತ್ತು ಗುಂಪು, ಗುಂಪಿಗೆ ಏಳು ಅಂಕಿ. ಒಟ್ಟು 63 ಅಂಕಿ. ಅದು ಈ ಯಂತ್ರದ ಗುರುತು.

ಸಂಜೆ ಐದೂವರೆ. ಮತ್ತೆ ಮೋಡ ಕವಿಯುತ್ತಿತ್ತು. ಈ ಸಲ ಇಂಟರ್ನೆಟ್ ತಂತಿಯನ್ನೂ ಕಿತ್ತಿಟ್ಟೆ. ಫೋನಿನ ದಾರಿಗೆ ಕಂಪ್ಯೂಟರಿನಲ್ಲಿ ಇಂಟರ್ನೆಟ್ ಬೇಕಿರಲಿಲ್ಲ, ಅದೊಂದು ದೊಡ್ಡ ಅನುಕೂಲವಾಗಿತ್ತು. ಮೊಬೈಲ್ ಅವನ ಕೈಯಲ್ಲಿ, ಸ್ಪೀಕರ್ ಹಾಕಿ ಇಟ್ಟಿದ್ದ. ಒಂದು ರೆಕಾರ್ಡ್ ಮಾಡಿದ ದನಿ ಇಂಗ್ಲಿಷಿನಲ್ಲಿ ಒಂದೊಂದೇ ಗುಂಪು ಕೇಳುತ್ತಾ ಹೋಯಿತು. ನಾನು ಪರದೆಯ ಮೇಲೆ ಪೆನ್ನಿನ ತುದಿ ಇಟ್ಟು ಓದುತ್ತಾ ಹೋದೆ. ಅವನು ಒತ್ತುತ್ತಾ ಹೋದ.

ಪತ್ರ ತಾಳೆ ನೋಡುವಾಗ ನಾವು ಹೀಗೇ ಓದುವುದು. ಒಬ್ಬರು ಓದಬೇಕು, ಇನ್ನೊಬ್ಬರು ನೋಡಬೇಕು. ಅಂಕಿಯನ್ನು ನೂರು ಸಾವಿರ ಎಂದು ಓದುವುದಿಲ್ಲ, ಬಿಡಿ ಬಿಡಿಯಾಗಿ. ಮೂರು, ಸೊನ್ನೆ, ಏಳು, ಏಳು. ಒಂದೇ ಅಂಕಿ ಎರಡು ಸಲ ಬಂದರೆ ಅಲ್ಲಿ ಸ್ವಲ್ಪ ನಿಲ್ಲಬೇಕು, ಇಲ್ಲದಿದ್ದರೆ ಕೇಳುವವರು ಒಂದು ಬಿಡುತ್ತಾರೆ. ಅಪ್ಪ ಕಲಿಸಿದ್ದು ಇದನ್ನೇ. ಚೆಕ್ಕುಬಂದಿಯಲ್ಲಿ ಒಂದು ಅಂಕಿ ತಪ್ಪಿದರೆ ಪಕ್ಕದವರ ತೋಟ ಮಾರಿದ ಹಾಗಾಗುತ್ತದೆ ಎನ್ನುತ್ತಿದ್ದರು. ಆರನೇ ಗುಂಪಿಗೆ ಬಂದಾಗ ಮಳೆ ಹೆಂಚಿನ ಮೇಲೆ ಬೀಳತೊಡಗಿತು, ದನಿ ಕೇಳಿಸಲಿಲ್ಲ. ಇಬ್ಬರೂ ಮೇಜಿನ ಮೇಲೆ ಬಗ್ಗಿ, ಫೋನನ್ನು ಕಿವಿಗಳ ನಡುವೆ ಇಟ್ಟುಕೊಂಡು ಮುಂದುವರಿಸಿದೆವು. 63 ಅಂಕಿ ಒಂದೂ ತಪ್ಪದೆ ಹೋಯಿತು.

ಆಮೇಲೆ ಒಂದು ಪ್ರಶ್ನೆ. ಈ ಪ್ರತಿಯನ್ನು ಎಷ್ಟು ಕಂಪ್ಯೂಟರಿನಲ್ಲಿ ಹಾಕಿದ್ದೀರಿ? ಒಂದು ಒತ್ತಲು ಹೇಳಿದೆ. ಸತ್ಯವೇ ಅದು. ಹಳೆಯದು ಗೋಡೆ ಬದಿ ಸುಟ್ಟು ಬಿದ್ದಿತ್ತು. ಅದರ ಎಸ್‌ಎಸ್‌ಡಿಯಲ್ಲಿದ್ದ ಕಾಗದಗಳನ್ನು ಹಿಂದಿನ ರಾತ್ರಿಯೇ ಬೇರೆ ಡಿಸ್ಕಿಗೆ ತೆಗೆದು ಅದನ್ನು ಫಾರ್ಮ್ಯಾಟ್ ಮಾಡಿಯಾಗಿತ್ತು. ಈಗ ಆ ದನಿ ಹೇಳತೊಡಗಿತು, ನಾನು ಬರೆಯತೊಡಗಿದೆ. ಒಂದು ಕರಡಿನ ಹಿಂಬದಿಯಲ್ಲಿ, ಎ ಇಂದ ಎಚ್‌ವರೆಗೆ ಎಂಟು ಮನೆ ಗೀಚಿಕೊಂಡಿದ್ದೆ. ಮನೆಗೆ ಆರು ಅಂಕಿ, ಒಟ್ಟು 48. ಅವನು ಅದನ್ನು ಪರದೆಯಲ್ಲಿ ತುಂಬಿದ. ನಾನು ಓದಿ ಇನ್ನೊಮ್ಮೆ ತಾಳೆ ನೋಡಿದೆ. ಒತ್ತಿದ.

ಪರದೆಯ ಬಲಗಡೆ ಮೂಲೆಯಲ್ಲಿ ಆಕ್ಟಿವೇಟ್ ಮಾಡಿ ಎಂದು ಮಸುಕಾಗಿ ಇದ್ದ ಬರಹ ಮಾಯವಾಯಿತು. ಶುರುವಿಂದ ಕೊನೆಯವರೆಗೆ ಹದಿನೆಂಟು ನಿಮಿಷ. ಯಾರಿಗೂ ದುಡ್ಡು ಕೊಡಲಿಲ್ಲ. ಯಾರನ್ನೂ ಬೇಡಿಕೊಳ್ಳಲಿಲ್ಲ. ಬಿಲ್ಲನ್ನು ಮುಂದೆ ಇಟ್ಟುಕೊಂಡು ಕೂತಿದ್ದೆ, ಅದನ್ನು ಯಾರೂ ಕೇಳಲೂ ಇಲ್ಲ. ಬಹಳ ಜನಕ್ಕೆ ರಿಟೇಲ್ ಕೀ ಆನ್‌ಲೈನಲ್ಲೇ ಮೊದಲ ಸಲಕ್ಕೇ ಆಗಿಬಿಡುತ್ತದೆ ಎಂದು ಅಣ್ಣನ ಮಗ ಹೇಳಿದ. ನಮಗೆ ಫೋನ್ ಬೇಕಾಯಿತು, ಅಷ್ಟೇ. ಆ ಕೂಡಲೇ ನನ್ನ ಹೆಸರಿನಲ್ಲಿ ಖಾತೆಗೂ ಜೋಡಿಸಿದ. ಈಗ ಆಕ್ಟಿವೇಷನ್ ಪುಟದಲ್ಲಿ ಖಾತೆಗೆ ಜೋಡಿಸಿದ ಡಿಜಿಟಲ್ ಲೈಸೆನ್ಸ್ ಎಂದು ಬರೆದು ಬರುತ್ತದೆ. ಕಪ್ಪು ಕಿಟಕಿಯಲ್ಲಿ ಮತ್ತೆ ಆ ಸಾಲು ಹೊಡೆದು ನೋಡಿದೆ. ರಿಟೇಲ್ ಎಂದಿತ್ತು. ಆ ಪದವನ್ನು ಎರಡು ಸಲ ಓದಿದೆ.

ಹಳೇ ಯಂತ್ರ ಸಾಯದೆ ಇನ್ನೂ ಓಡುತ್ತಿರುವವರು ಒಂದು ಕೆಲಸ ಮಾಡಬೇಕು. ಅದನ್ನು ಬೇರೆಯವರಿಗೆ ಕೊಡುವ ಮುಂಚೆ ಕೀಯನ್ನು ತೆಗೆಯಬೇಕು. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಎಸ್ ಎಲ್ ಎಂ ಜಿ ಆರ್, ಜಾಗ, ಓರೆಗೆರೆ, ಯು, ಪಿ, ಕೆ. ಕೀ ಹೋಗುತ್ತದೆ. ಹಾಗೆ ಮಾಡಿದರೆ ಮೈಕ್ರೋಸಾಫ್ಟಿನ ಕಡೆ ಸುದ್ದಿ ಮುಟ್ಟುತ್ತದೆ ಎಂದೇನಲ್ಲ. ಯಂತ್ರದಲ್ಲಿ ಇಲ್ಲ ಎಂಬುದು ಮಾತ್ರ ಖಾತ್ರಿ. ಖಾಲಿ ಮಾಡದೆ ಮನೆ ಬಾಡಿಗೆಗೆ ಕೊಡಬಾರದು.

ಲೆಕ್ಕ ಹೇಳುವುದಾದರೆ 7,999 ರೂಪಾಯಿಗೆ ಒಂಬತ್ತು ವರ್ಷ. ವರ್ಷಕ್ಕೆ 900 ಕೂಡ ಬೀಳಲಿಲ್ಲ, ಇನ್ನೂ ನಡೆಯುತ್ತಿದೆ. ನನ್ನ ಹಾಗೆ ಬಿಡಿ ಸಾಮಾನು ಜೋಡಿಸಿದ ಡೆಸ್ಕ್‌ಟಾಪಿನಲ್ಲಿ ದುಡಿಯುವವರಿಗೆ, ಸಿಡಿಲು ಗುಡುಗಿನ ಊರಿನವರಿಗೆ ರಿಟೇಲ್ ಡಬ್ಬಿ ಕೊಳ್ಳಿ ಎಂದೇ ಹೇಳುತ್ತೇನೆ. ಅಂಗಡಿಯಿಂದ ಸಿದ್ಧ ಲ್ಯಾಪ್‌ಟಾಪ್ ತರುವವರಿಗೆ ಇದು ಬೇಕಿಲ್ಲ. ಅದರೊಳಗೆ ಸಾಮಾನ್ಯವಾಗಿ ವಿಂಡೋಸ್ ಇರುತ್ತದೆ, ಅದು ಆ ಲ್ಯಾಪ್‌ಟಾಪ್ ಇರುವವರೆಗೆ ಸಾಕು. ಆನ್‌ಲೈನಲ್ಲಿ ಐನೂರು ಆರುನೂರಕ್ಕೆ ಸಿಗುವ ಬರೀ ಕೀಗಳನ್ನು ಮಾತ್ರ ಮುಟ್ಟಬೇಡಿ. ಬಹಳ ಸಲ ಅವು ಯಾವುದೋ ಕಚೇರಿಯ ವಾಲ್ಯೂಮ್ ಕೀ, ಇಲ್ಲವೇ ಯಾವುದೋ ಹಳೇ ಲ್ಯಾಪ್‌ಟಾಪಿನ ಓಇಎಂ ಕೀ. ಯಾವತ್ತು ನಿಲ್ಲಿಸುತ್ತಾರೋ ಗೊತ್ತಾಗುವುದಿಲ್ಲ. ಮಾರಿದವರಿಗೆ ಮಾರುವ ಹಕ್ಕೇ ಇರುವುದಿಲ್ಲ. ಹಕ್ಕಿಲ್ಲದವರಿಂದ ಕೊಂಡ ಜಮೀನಿನ ಕತೆ ಏನಾಗುತ್ತದೆ ಎಂದು ನಮ್ಮ ತಾಲ್ಲೂಕು ಕಚೇರಿಯ ಕಟ್ಟೆಯ ಮೇಲೆ ಕೂತವರನ್ನು ಕೇಳಿ.

ಮುಂದಿನ ಕೆಲಸ ಕನ್ನಡ ಟೈಪ್ ಮಾಡುವ ತಂತ್ರಾಂಶ ನುಡಿ ಹಾಕುವುದು. ನನ್ನ ಹಳೇ ಪತ್ರಗಳೆಲ್ಲ ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲೇ ಇವೆ, ಹಳೇ ಫಾಂಟುಗಳಲ್ಲಿ. ಹೊಸ ವಿಂಡೋಸಿನ ಜೊತೆ ಬರುವ ನಿರ್ಮಲಾ ಫಾಂಟು ಯೂನಿಕೋಡ್ ಕನ್ನಡಕ್ಕೆ ಚೆನ್ನಾಗಿದೆ, ಕಣ್ಣಿಗೆ ಹಿತ. ಆದರೆ ನುಡಿ ಫಾಂಟು ಹಾಕುವವರೆಗೆ ಹಳೇ ಪತ್ರಗಳು ಇಂಗ್ಲಿಷ್ ಅಕ್ಷರಗಳ ಗೋಜಲಾಗಿಯೇ ಕಾಣುತ್ತವೆ. ಮೊದಲ ಸಲ ನೋಡಿದರೆ ಕಾಗದ ಹಾಳಾಯಿತು ಎಂದು ಎದೆ ಹಾರುತ್ತದೆ. ಹಾಳಾಗಿರುವುದಿಲ್ಲ. ಫಾಂಟು ಹಾಕಿ ಮತ್ತೆ ತೆರೆದರೆ ಸರಿಯಾಗುತ್ತದೆ. ನಾನು ಬಳಸುವುದು ಲಿಬ್ರೆ ಆಫೀಸ್, ಅದು ಪುಕ್ಕಟೆ, ಅದರ ಲೈಸೆನ್ಸಿನ ತಲೆಬಿಸಿ ಇಲ್ಲ.

ಮೊದಲು ತೆರೆದದ್ದು ಸಿಡಿಲು ಬಡಿದ ಸಂಜೆ ಅರ್ಧಕ್ಕೆ ನಿಂತಿದ್ದ ದಾನಪತ್ರ. ಒಬ್ಬ ತಾಯಿ ತನ್ನ ಹೆಸರಿನ 1 ಎಕರೆ 12 ಗುಂಟೆ ಅಡಿಕೆ ತೋಟವನ್ನು ಇಬ್ಬರು ಹೆಣ್ಣುಮಕ್ಕಳಿಗೆ ಬರೆಯುತ್ತಿದ್ದಾರೆ. ಪೂರ್ವಕ್ಕೆ, ಪಶ್ಚಿಮಕ್ಕೆ ಬರೆದು ಉಳಿಸಿದ್ದೆ. ಉತ್ತರಕ್ಕೆ ಎಂದು ಹೊಡೆಯುವಾಗ ಕರೆಂಟಿನ ಪ್ಲಗ್ ಕೀಳಲು ಎದ್ದಿದ್ದೆ. ಕರ್ಸರ್ ಅಲ್ಲೇ ನಿಂತಿತ್ತು. ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಸರ್ಕಾರಿ ರಸ್ತೆ ಎಂದು ತುಂಬಿ, ಪ್ರಿಂಟ್ ತೆಗೆದು, ಅಣ್ಣನ ಮಗನ ಕೈಗೆ ಕೊಟ್ಟು ಓದಿಸಿದೆ.

ಅಂಗಡಿಯವರಿಗೆ ಸೋಮವಾರ ಫೋನ್ ಮಾಡಿ ಹೇಳಿದೆ, ಹಳೇ ಕೀ ಆಯಿತು ಎಂದು. "ಹೌದಾ ಮೇಡಂ, ಹೇಗೆ ಆಯ್ತು?" ಎಂದು ಕೇಳಿದರು. ಪೂರ್ತಿ ಹೇಳಿದೆ. ಬರೆದುಕೊಂಡರು ಎಂದು ಕಾಣುತ್ತದೆ, ನಡುವೆ ಎರಡು ಸಲ ನಿಲ್ಲಿಸಿ ಮತ್ತೆ ಕೇಳಿದರು.

ಡಬ್ಬಿಯನ್ನು ಪೆಟ್ಟಿಗೆಗೆ ಹಾಕುವ ಮುಂಚೆ ಒಳಮುಚ್ಚಳದ ಮೇಲೆ ಒಂದು ಷರಾ ಬರೆದೆ. 2016ರ ಜುಲೈನಿಂದ 2025ರ ಮೇವರೆಗೆ ಹಳೇ ಯಂತ್ರ, ಸಿಡಿಲಿಗೆ ನಾಶ. ಅಲ್ಲಿಂದ ಮುಂದೆ ಹೊಸ ಯಂತ್ರ. ಕೆಳಗೆ ತಾರೀಖು, ಸಹಿ. ಇನ್ನೂ ಎರಡು ಸಾಲಿಗೆ ಜಾಗ ಇದೆ.